ಮಂಚದ ಕೆಳಗಿನ ಕಾದಂಬರಿ



ದೊಡ್ಡಬಳ್ಳಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಮಗ್ಗದ ಸದ್ದಿನ ನಡುವೆ ಕಾದಂಬರಿ ಬರೆದು, ಬಳೆ ಮಾರಿ 500 ಪ್ರತಿ ಅಚ್ಚು ಹಾಕಿಸಿದಳು. 60 ಪ್ರತಿ ನೆಂಟರಿಗೆ ಹಂಚಿದಳು; ಅವರಲ್ಲಿ ಪುಟ ತೆರೆದವರು ಎಷ್ಟೋ! ಉಳಿದವು ಮಂಚದ ಕೆಳಗಿವೆ.

“ನನ್ನ ಪುಸ್ತಕ ನಾನೇ ಮಾರಲು ನಾಚಿಕೆ ಸರ್” ಎಂದಳು.

ನಾಚಿಕೆ ಏಕೆ? ಸೀರೆ ನೇಯ್ದವರು ಮಾರುವುದಿಲ್ಲವೇ? ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದವರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಆರಂಭಿಸಿದರು. ಅವರ ಎಲ್ಲ ವಿಚಾರಗಳನ್ನೂ ನಾನು ಒಪ್ಪುವವನಲ್ಲ, ಅದು ಬೇರೆ ಮಾತು. ಆದರೆ ಗಮನಿಸಿ: ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಪುಸ್ತಕಕ್ಕೆ ಮೊದಲೇ ಓದುಗರಿದ್ದರು. ನಮ್ಮ ಹುಡುಗಿಯದು ತಿರುಗುಮುರುಗು; ಮೊದಲು ಅಚ್ಚು, ಆಮೇಲೆ ಓದುಗರ ಹುಡುಕಾಟ.

ಬೆಂಗಳೂರಿನ ಅಂಗಡಿಗೆ ಕೊಟ್ಟರೆ ಕಮಿಷನ್ನಿಗೇ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ಹಾಗಾಗಿ, “ಮೊದಲ ಅಧ್ಯಾಯವನ್ನು ಪತ್ರಿಕೆಗೆ ಕಳಿಸು, ವಾಟ್ಸಾಪಿನಲ್ಲಿ ಗೆಳತಿಯರಿಗೆ ಹಾಕು. ಕಾಲೇಜಿನ ಕನ್ನಡ ಮೇಡಂಗೆ ಓದಲು ಕೊಡು. ಇನ್ನು ಯಾರಿಗೂ ಪುಕ್ಕಟೆ ಹಂಚಬೇಡ” ಎಂದೆ.

ಹೊರಡುವಾಗ ಒಂದು ಪ್ರತಿ ಕೇಳಿದೆ. ದುಡ್ಡು ಬೇಡವೆಂದು ಹಟ ಹಿಡಿದಳು. ಮೊದಲ ಜಗಳ ಅಲ್ಲೇ ಆಯಿತು ನೋಡಿ.