ಆಟದ ಹೊಲಕ್ಕೆ ನೀರು, ಮನೆಯ ಹುಳಕ್ಕೆ ಸೊಪ್ಪಿಲ್ಲ



ಕೂಟಗಲ್ ಕಡೆಯ ಗೃಹಿಣಿಯೊಬ್ಬರ ಕಾಗದ ಬಂದಿದೆ. ರೇಷ್ಮೆ ಹುಳು ಸಾಕುವ ಮನೆ. ಬೆಂಗಳೂರಿನಲ್ಲಿರುವ ತಮ್ಮ ಇವರ ಹನ್ನೆರಡು ವರ್ಷದ ಮಗನಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರ ತಂದುಕೊಟ್ಟಿದ್ದಾನೆ. ಅದರಲ್ಲಿರುವುದು ಬೇಸಾಯದ ಆಟ! "ಆಟದಲ್ಲಿ ಬೆಳಗ್ಗೆ ಆರಕ್ಕೇ ಎದ್ದು ಗಿಡಕ್ಕೆ ನೀರು ಹಾಕ್ತಾನೆ, ಹಸುವಿನ ಮೈ ಸವರ್ತಾನೆ. ಮನೇಲಿ ಹುಳ ನಾಲ್ಕನೇ ಜ್ವರ ಎದ್ದು ಹಸಿದು ಕೂತಿದ್ರೆ ಒಂದು ಪುಟ್ಟಿ ಸೊಪ್ಪು ತರಲ್ಲ. ಯಂತ್ರ ಕಿತ್ತು ಬೀರುವಿನಲ್ಲಿ ಇಟ್ಟುಬಿಡಲೇ?" ಎಂದು ಕೇಳಿದ್ದಾರೆ.

ನನಗೆ ಮೊದಲು ನಗು ಬಂತು. ಆಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟವೇನೆಂದು ತಿಳಿದುಕೊಂಡೆ.

ಈ ಬಗೆಯ ಆಟಕ್ಕೆ ದಾರಿ ಹಾಕಿದವರು ಜಪಾನಿನ ಯಾಸುಹಿರೊ ವಾಡಾ. ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದವರು. ಊರಿನ ನೆನಪು ಬಿಡದೆ 1996ರಲ್ಲಿ 'ಹಾರ್ವೆಸ್ಟ್ ಮೂನ್' ಆಟ ಮಾಡಿದರು. ಮರುವರ್ಷವೇ ಅದು ಅಂಗೈಯಗಲದ ಗೇಮ್ ಬಾಯ್ ಯಂತ್ರಕ್ಕೂ ಬಂತು. ಅದನ್ನು ಮೆಚ್ಚಿದ ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು. ನಮ್ಮ ಹುಡುಗ ಆಡುತ್ತಿರುವುದು ಇದನ್ನೇ. ಕಥೆ ಏನು ಗೊತ್ತೇ? ಪಟ್ಟಣದ ಆಫೀಸು ಕೆಲಸ ಸಾಕಾಗಿ, ತಾತ ಬಿಟ್ಟುಹೋದ ಪಾಳು ಜಮೀನಿಗೆ ಮೊಮ್ಮಗ ವಾಪಸು ಬರುತ್ತಾನೆ!

ಮೊದಲಿಗೆ ಕೈಗೆ ಸಿಗುವುದು ಮೂಲಂಗಿಯಂಥ ಗಡ್ಡೆಯ 15 ಬೀಜ. ನಾಲ್ಕು ದಿನ ನೀರೆರೆದರೆ ಫಸಲು. ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗಾಗುವುದರಲ್ಲಿ ಹಣ. ಮೇವು ಮರೆತರೂ ಹಸು ಸಾಯುವುದಿಲ್ಲ, ಮುನಿಸಿಕೊಳ್ಳುತ್ತದೆ ಅಷ್ಟೆ. ಆಟದ ಒಂದು ಋತು 28 ದಿನ. ಚಾಕಿಯಿಂದ ಹಣ್ಣಾಗುವವರೆಗೆ ನಮ್ಮ ಹುಳಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕಲ್ಲವೇ? ಆದರೆ ಇಲ್ಲಿ ಸಪ್ಪೆ ರೋಗವಿದೆ, ಊಜಿ ನೊಣವಿದೆ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ತಿಂದುಬಿಡುತ್ತದೆ. ಮನೆಯವರಿಗೆ ನಿದ್ದೆಯಿಲ್ಲ. ಇಷ್ಟಾಗಿ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇಂದಿನ ಹರಾಜಿನ ರೇಟು ನಾಳೆ ಇರುತ್ತದೆಂಬ ಭರವಸೆಯಿಲ್ಲ. ಆಟದ ಬೇಸಾಯ ಹುಡುಗನಿಗೆ ರುಚಿಸಿದರೆ ಆಶ್ಚರ್ಯವೇನು?

ಆದರೆ ನಾನು ಎರಡು ಸಲ ಓದಿದ್ದು ಕಾಗದದ ಕೊನೆಯ ಸಾಲನ್ನು. "ಈ ಕಷ್ಟ ನಮಗೇ ಸಾಕು, ನೀನು ಓದಿ ಬೆಂಗಳೂರು ಸೇರಪ್ಪ ಅಂತ ದಿನಾ ಹೇಳ್ತೀನಿ." ಅಲ್ಲಮ್ಮ, ಹುಳ ಸಾಕುವುದು ಬೇಡವಾದ ಕೆಲಸ ಅಂತ ನೀವೇ ದಿನಾ ಹೇಳಿ, ಅದೇ ಬಾಯಲ್ಲಿ ಪುಟ್ಟಿ ಹೊರು ಎಂದರೆ ಅವನು ಯಾವ ಮಾತು ಕೇಳಬೇಕು? ಆಟದಲ್ಲಿ ಜಮೀನು ಅವನದು, ಏನು ಬಿತ್ತಬೇಕೆಂಬ ಯೋಚನೆ ಅವನದು, ಬಂದ ಹಣದ ಲೆಕ್ಕವೂ ಅವನದೇ. ಮನೆಯಲ್ಲಿ ಅವನ ಪಾಲಿಗೆ ಬಂದದ್ದು ಪುಟ್ಟಿ ಮಾತ್ರ.

ಬೀರುವಿನಲ್ಲಿ ಇಡಬೇಡಿ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲವಲ್ಲ, ಆಗ ಓದು ಮುಗಿಸಿ ಧಾರಾಳವಾಗಿ ಆಡಲಿ. ಜ್ವರ ಎದ್ದ ಮೇಲೆ ಆಟ ಅರ್ಧ ಗಂಟೆ ಸಾಕು. ಮುಂದಿನ ಬೆಳೆಯಲ್ಲಿ ಒಂದು ತಟ್ಟೆ ಹುಳ ಅವನ ಹೆಸರಿಗೆ ಬಿಡಿ. ಶಾಲೆ ತಪ್ಪಿಸುವುದು ಬೇಡ, ಬೆಳಗ್ಗೆ ಸಂಜೆ ಕೈಕಾಲು ತೊಳೆದು ಹುಳದ ಮನೆಗೆ ಹೋಗಿ ಸೊಪ್ಪು ಹಾಕಲಿ. ಅವನ ಗೂಡನ್ನು ಬೇರೆ ತೂಗಿಸಿ. ರಜೆ ಇದ್ದರೆ ಮಾರುಕಟ್ಟೆಗೂ ಕರೆದೊಯ್ಯಿರಿ. ಖರ್ಚು ಕಳೆದು ಉಳಿದದ್ದನ್ನು ಅವನ ಕೈಗೇ ಕೊಡಿ, ನಷ್ಟವಾದರೆ ಅದನ್ನೂ ಅವನೇ ಬರೆದಿಡಲಿ.

ನೀವೂ ಒಂದು ಸಂಜೆ ಅವನ ಪಕ್ಕ ಕೂತು ಆಟ ಕಲಿಯಿರಿ. ನಾನು ಆಡಿದೆ, ನೀರು ಹೊತ್ತು ಹೊತ್ತು ನನ್ನ ರೈತ ಮೊದಲ ದಿನವೇ ಸುಸ್ತಾಗಿ ಬಿದ್ದ, ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಗೂಡು ಮಾರಿದ ಮೇಲೆ ಮರೆಯದೆ ಕಾಗದ ಬರೆಯಿರಿ. ಹುಡುಗನ ತಟ್ಟೆಗೆ ಎಷ್ಟು ಬಂತು ಅಂತ ತಿಳಿಸಿ.