ಹಳೆಯ ಕಾರಿನ ಮಾರಾಟವೂ ಶ್ರಾವಕನ ಅಣುವ್ರತವೂ

ನೀರನ್ನು ಸೋಸದೆ ಕುಡಿಯಬಾರದೆಂದು ಕಲಿತು ಬೆಳೆದವರು ನಾವು. ಸೂರ್ಯಾಸ್ತದ ನಂತರ ಉಣ್ಣದ, ಗಡ್ಡೆಗೆಣಸನ್ನು ಅಡುಗೆಮನೆಯೊಳಕ್ಕೆ ತಾರದ ಕುಟುಂಬಗಳು ನಮ್ಮ ಸಮಾಜದಲ್ಲಿ ಇಂದಿಗೂ ಇವೆ. ಇದು ಅಭಿಮಾನಪಡಬೇಕಾದ ಸಂಗತಿಯೇ ಸರಿ. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತ ಹಳೆಯ ಕಾರನ್ನು ಮಾರುವ ದಿನ ಬಂದಾಗ ನಮ್ಮ ಸೋಸುವ ಬಟ್ಟೆ ಎಲ್ಲಿಗೆ ಹೋಗುತ್ತದೆ? ಅಪಘಾತದ ಗುರುತಿಗೆ ಬಣ್ಣ ಬಳಿಯುತ್ತೇವೆ. ಲಕ್ಷ ದಾಟಿದ ಕಿಲೋಮೀಟರಿನ ಅಂಕಿ ಒಂದು ರಾತ್ರಿಯಲ್ಲಿ ನಲವತ್ತು ಸಾವಿರಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಜಿನಬಿಂಬಕ್ಕೆ ಅಭಿಷೇಕ ಮಾಡಿದ ಕೈಯೇ ಮಧ್ಯಾಹ್ನ ಬರಿದಾದ ನಮೂನೆಗಳ ಮೇಲೆ ರುಜು ಹಾಕಿ ದಲ್ಲಾಳಿಗೆ ಒಪ್ಪಿಸುತ್ತದೆ. ಇದನ್ನು ವ್ಯವಹಾರಚತುರತೆ ಎಂದು ಕರೆಯುವವರೊಡನೆ ಈ ಲೇಖನದ ಜಗಳವಿದೆ.

ನಮ್ಮ ಹುನಗುಂದವು ಸೊಲ್ಲಾಪುರದ ಕಡೆಯಿಂದ ವಿಜಯಪುರದ ಮೇಲೆ ಚಿತ್ರದುರ್ಗದತ್ತ ಇಳಿಯುವ ಹೆದ್ದಾರಿಯ ಊರು. ಮಹಾರಾಷ್ಟ್ರದ ಹಳೆಯ ವಾಹನಗಳು ಈ ಮಾರ್ಗವಾಗಿಯೇ ಬಂದು ಹುನಗುಂದ, ಇಳಕಲ್ಲು, ಬಾಗಲಕೋಟೆಗಳಲ್ಲಿ ಕೈ ಬದಲಾಯಿಸುತ್ತವೆ. ಕೊಳ್ಳುವವರು ಯಾರು? ಶಾಲಾ ಶಿಕ್ಷಕರು, ಚಿಕ್ಕ ಅಂಗಡಿಕಾರರು, ಗ್ರಾನೈಟು ಮತ್ತು ಸೀರೆಯ ವ್ಯಾಪಾರದಲ್ಲಿ ಈಗಷ್ಟೇ ತಲೆಯೆತ್ತುತ್ತಿರುವ ತರುಣರು. ಹೊಸ ಕಾರಿನ ಬೆಲೆ ಎಟುಕದ ಇವರು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಒಂದು ಮಾತಿನ ಮೇಲೆ ಸುರಿಯುತ್ತಾರೆ. ಆ ಮಾತು ಯಾವುದೆಂದರೆ, “ಜೈನರ ಮನೆಯ ಗಾಡಿ ರೀ, ಕಣ್ಣು ಮುಚ್ಚಿ ತಗೋರಿ.”

ಈ ಲೇಖಕನೂ ದೋಷದಿಂದ ಹೊರತಾದವನಲ್ಲ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರನ್ನು ಒಬ್ಬ ಶಿಕ್ಷಕರಿಗೆ ಮಾರಿದೆ. ಅದಕ್ಕೂ ಮುನ್ನ ಅದು ಮರಕ್ಕೆ ಹಾಯ್ದು ಮುಂಭಾಗ ಬಗ್ಗಿತ್ತು. ಗ್ಯಾರೇಜಿನಲ್ಲಿ ಎಳೆಸಿ, ನೆಟ್ಟಗೆ ಮಾಡಿಸಿ, ಬಣ್ಣ ಹೊಡೆಸಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲವು ತಿಂಗಳಲ್ಲಿ ಬ್ರೇಕು ಹಾಕಿದೊಡನೆ ಕಾರು ಎಡಕ್ಕೆ ಎಳೆಯತೊಡಗಿ, ಒಂದು ಸಂಜೆ ಹೆಂಡತಿ ಮಕ್ಕಳ ಸಮೇತ ರಸ್ತೆಬದಿಯ ತಗ್ಗಿಗೆ ಇಳಿಯಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಅದು ಅವರ ಪುಣ್ಯ, ನನ್ನದಲ್ಲ. ಶಿಕ್ಷಕರು ಜಗಳಕ್ಕೆ ಬರಲಿಲ್ಲ. ಪೇಟೆಯಲ್ಲಿ ಎದುರಾದಾಗ ಇಷ್ಟೇ ಹೇಳಿದರು: “ನೀವು ಬಸ್ತಿಗೆ ಹೋಗೋ ಮಂದಿ ಅದೀರಿ ಅಂತ ನಾ ಏನೂ ಕೇಳಲಿಲ್ರೀ.” ಕ್ಷಮಾವಾಣಿಯ ದಿನ ಅವರ ಮನೆಗೆ ಹೋಗಿ ದುರಸ್ತಿಯ ವೆಚ್ಚವನ್ನು ಕೊಟ್ಟು ಬಂದೆ. ಹಣವನ್ನು ಅವರು ಸ್ವೀಕರಿಸಿದರು. ಆದರೆ ಆ ಮಾತು ಇಂದಿಗೂ ನನ್ನ ಕಿವಿಯನ್ನು ಬಿಟ್ಟಿಲ್ಲ.

“ಕೇಳಲಿಲ್ಲ, ಹೇಳಲಿಲ್ಲ” ಎಂಬ ಸಮರ್ಥನೆಗೆ ನಮ್ಮ ಆಚಾರ್ಯರು ಸಾವಿರಾರು ವರ್ಷಗಳ ಹಿಂದೆಯೇ ಬಾಗಿಲು ಹಾಕಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನೂ ಸೇರಿಸಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದರ ಅರ್ಥವನ್ನು ಬಿಡಿಸಿದ್ದಾರೆ. ಒಬ್ಬನು ಒತ್ತೆಯಿಟ್ಟ ಹೊನ್ನಿನ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ನಿಜ ತಿಳಿದವನು ಹಾಗೆಯೇ ಆಗಲೆಂದು ಒಪ್ಪಿಕೊಂಡರೆ ಅದೇ ನ್ಯಾಸಾಪಹಾರ. ಅಲ್ಲಿ ಸುಳ್ಳಿನ ಒಂದು ವಾಕ್ಯವೂ ಇಲ್ಲ. ಎದುರಿನವನ ಅಜ್ಞಾನವನ್ನು ತನ್ನ ಲಾಭವಾಗಿಸಿಕೊಂಡ ಸಮ್ಮತಿಯಷ್ಟೇ ಇದೆ. ಅಷ್ಟರಿಂದಲೇ ವ್ರತಕ್ಕೆ ಮಲಿನತೆ ತಗಲಿತು. ಕಾರಿನ ಚರಿತ್ರೆಯನ್ನು ಬಲ್ಲವನ ಮೌನವು ಇದಕ್ಕಿಂತ ಹೇಗೆ ಭಿನ್ನ?

ಉಳಿದ ಅತಿಚಾರಗಳನ್ನು ಓದಿದರೆ ನಮ್ಮ ಇಂದಿನ ವಾಹನಪೇಟೆಯನ್ನು ಕಂಡೇ ಹೇಳಿದಂತಿದೆ. ಖೊಟ್ಟಿ ಕಾಗದಪತ್ರಗಳನ್ನು ಸೃಷ್ಟಿಸುವುದು ಕೂಟಲೇಖಕ್ರಿಯೆ. ಕಳವಿನ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದು ವಿರುದ್ಧರಾಜ್ಯಾತಿಕ್ರಮ. ಹೊರರಾಜ್ಯದ ಗಾಡಿಯನ್ನು ಇಲ್ಲಿಯ ತೆರಿಗೆ ತಪ್ಪಿಸಿ ವರ್ಷಾನುಗಟ್ಟಲೆ ಓಡಿಸುವವರು ಇದನ್ನು ಗಮನಿಸಲಿ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಹಿಂದೆ ತಕ್ಕಡಿಯ ಕಲ್ಲನ್ನು ಸವೆಸುತ್ತಿದ್ದರು, ಈಗ ಮೀಟರಿನ ಅಂಕಿಯನ್ನು ಸವೆಸುತ್ತಾರೆ. ಕೆಟ್ಟದ್ದನ್ನು ಒಳ್ಳೆಯದರ ರೂಪದಲ್ಲಿ ದಾಟಿಸುವುದು ಪ್ರತಿರೂಪಕವ್ಯವಹಾರ. ಈ ಕೊನೆಯ ನಾಲ್ಕೂ ಅಚೌರ್ಯಾಣುವ್ರತದ ಅತಿಚಾರಗಳು. ಅಂದರೆ ಶಾಸ್ತ್ರವು ಇವನ್ನು ಚಾತುರ್ಯದ ಪಂಕ್ತಿಯಲ್ಲಿ ಕೂರಿಸಿಲ್ಲ, ಕಳ್ಳತನದ ಪಂಕ್ತಿಯಲ್ಲಿ ಕೂರಿಸಿದೆ.

ಪ್ರತಿರೂಪಕವ್ಯವಹಾರಕ್ಕೆ ನೆರೆಯ ನೀರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲುಗಳೊಳಗೆ ನುಗ್ಗಿದ್ದನ್ನು ನಾವು ಕಣ್ಣಾರೆ ಕಂಡೆವು. 2015ರಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿದಾಗ ಎಷ್ಟೋ ಕಾರುಗಳು ನೀರಿನಲ್ಲಿ ನಿಂತವು. ಅಂಥ ಗಾಡಿಯನ್ನು ತೊಳೆದು, ಒಣಗಿಸಿ, ಸೀಟಿಗೆ ಹೊಸ ಬಟ್ಟೆ ಹೊದಿಸಿದರೆ ಹೊರಗೆ ಏನೂ ಕಾಣದು. ಒಳಗಿನ ತಂತಿಗಳ ಜೋಡಣೆ ಮಾತ್ರ ಮೆಲ್ಲಗೆ ತುಕ್ಕು ಹಿಡಿಯುತ್ತದೆ. ತಿಂಗಳುಗಳು ಕಳೆದ ಮೇಲೆ, ಜೀವ ಉಳಿಸಬೇಕಾದ ಗಳಿಗೆಯಲ್ಲಿ, ಗಾಳಿಚೀಲವು ಅರಳದೆ ಹೋಗಬಹುದು. ಆಗ ಆಗುವ ಹಿಂಸೆಯಲ್ಲಿ ಮಾರಿದವನ ಪಾಲಿಲ್ಲವೆಂದು ಯಾವ ಶ್ರಾವಕನು ಎದೆ ಮುಟ್ಟಿ ಹೇಳಬಲ್ಲನು?

ಇನ್ನು ಕೊಳ್ಳುವವರ ಮಾತು. ಹಿಂಸೆಯ ಮೂಲದಲ್ಲಿ ಪ್ರಮಾದವಿದೆಯೆಂಬುದು ನಮ್ಮ ಸಿದ್ಧಾಂತದ ತಿರುಳು. ಹೆಜ್ಜೆಯಿಡುವ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿ ಮುನಿಗಳಿಗೆ ವಿಹಿತವಾದದ್ದು ಇದಕ್ಕಾಗಿಯೇ. ಹಾಗಿರುವಾಗ ಸಾವಿರ ಕಿಲೋಗ್ರಾಂ ತೂಕದ ಯಂತ್ರವನ್ನು ಅದರ ಪೂರ್ವೋತ್ತರ ವಿಚಾರಿಸದೆ ಬೀದಿಗೆ ಇಳಿಸುವ ಗೃಹಸ್ಥನು ಅಹಿಂಸಾಣುವ್ರತಿ ಹೇಗಾದಾನು? “ನಮ್ಮವರೇ ಕೊಟ್ಟದ್ದು, ವಿಚಾರಿಸಿದರೆ ಸಂಬಂಧ ಕೆಡುತ್ತದೆ” ಎನ್ನುವುದು ಸೌಜನ್ಯವಲ್ಲ, ಪ್ರಮಾದ.

ವಿಚಾರಿಸುವುದು ಇಂದು ಕಷ್ಟವೂ ಅಲ್ಲ. ನೋಂದಣಿ ಪತ್ರದಲ್ಲಿರುವ ಶಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಗಳೊಡನೆ ಅಕ್ಷರಶಃ ಹೋಲಿಸಬೇಕು. ಸರಕಾರದ ವಾಹನ್ ದಾಖಲೆಯಲ್ಲಿ ಸಾಲದ ಋಣ, ವಿಮೆಯ ಅವಧಿ ಮತ್ತು ಕಪ್ಪುಪಟ್ಟಿಯ ಉಲ್ಲೇಖಗಳನ್ನು ನೋಡಬಹುದು. ಬ್ಯಾಂಕಿನ ಸಾಲ ತೀರಿದ್ದರೆ ನಮೂನೆ 35 ಇರಬೇಕು. ಹೊರರಾಜ್ಯದ ಗಾಡಿಯಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28 ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿರುವುದಾದರೆ ಇಲ್ಲಿಯ ನೋಂದಣಿಯೂ ಬೇಕು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಪ್ರತಿ ಭೇಟಿಯ ಕಿಲೋಮೀಟರು ದಾಖಲಾಗಿರುತ್ತದೆ. ಐದು ವರ್ಷ ಒಂದೂ ಪೆಟ್ಟಾಗಿಲ್ಲವೆನ್ನುವ ಯಜಮಾನನ ವಿಮಾ ಪತ್ರದಲ್ಲಿ ಪರಿಹಾರ ಪಡೆಯದವರಿಗೆ ಸಿಗುವ ರಿಯಾಯಿತಿ ಶೂನ್ಯವಿದ್ದರೆ ಕಾರಣ ಕೇಳಲೇಬೇಕು. ಟೈರಿನ ಬದಿಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಕಾಲೊತ್ತುಗಳ ರಬ್ಬರು ಪೂರ್ತಿ ಸವೆದಿದ್ದು, ಮೀಟರು ಮಾತ್ರ ಮೂವತ್ತು ಸಾವಿರ ತೋರಿಸಿದರೆ ಎರಡರಲ್ಲಿ ಒಂದು ಸುಳ್ಳು. ನೆಲಹಾಸಿನಡಿ ಕೆಸರಿನ ಕಣ, ಸೀಟಿನ ಹಳಿಗಳಿಗೆ ತುಕ್ಕು ಕಂಡರೆ ನೆರೆಯನ್ನು ನೆನೆಯಬೇಕು.

ಮಾರಾಟವಾದ ಮೇಲೂ ಧರ್ಮ ಮುಗಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ನಮ್ಮಲ್ಲಿ ನಡೆಯುವುದೇನು? ನಮೂನೆ 29 ಮತ್ತು 30ಕ್ಕೆ ರುಜು ಬೀಳುತ್ತದೆ, ತಾರೀಖು ಬೀಳುವುದಿಲ್ಲ. ಕಾಗದ ದಲ್ಲಾಳಿಯ ಪೆಟ್ಟಿಗೆಯಲ್ಲಿ ಮಲಗುತ್ತದೆ, ಗಾಡಿ ಮೂರು ಕೈ ದಾಟುತ್ತದೆ. ಇಂಥದೇ ಒಂದು ಪ್ರಕರಣದಲ್ಲಿ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಡಿ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಮಾಲಿಕ, ಪರಿಹಾರದ ಹೊಣೆ ಅವನದೇ ಎಂದು ತೀರ್ಪಿತ್ತಿತು. ಅಪಘಾತದಲ್ಲಿ ನೊಂದವರು ಮಾಲಿಕನನ್ನು ಊರೂರು ಹುಡುಕುತ್ತ ಅಲೆಯುವಂತಾಗಬಾರದೆಂಬುದು ಅದರ ಆಶಯ. ಕಾಯಿದೆಗೂ ಕರುಣೆಯಿದೆ, ಕರುಣೆಯನ್ನೇ ಧರ್ಮವೆಂದು ನಂಬಿದ ನಾವು ಅದಕ್ಕಿಂತ ಹಿಂದೆ ಬೀಳಬೇಕೆ? 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗೂ ನೋಂದಣಿ ಅಧಿಕಾರಿಯ ಅಧಿಕಾರಪತ್ರ ಕಡ್ಡಾಯವಾಗಿದೆ. ಅದಿಲ್ಲದವನಿಗೆ ಕೀಲಿಕೈ ಕೊಡುವ ಮುನ್ನ ಯೋಚಿಸಬೇಕು.

“ಎಲ್ಲವನ್ನೂ ಹೇಳಿದರೆ ಬೆಲೆ ಬರುವುದಿಲ್ಲ” ಎಂಬ ಆಕ್ಷೇಪ ಬರುತ್ತದೆ. ನಿಜ, ಬೆಲೆ ಇಳಿಯುತ್ತದೆ. ಆದರೆ ಇಳಿದ ಭಾಗ ಎಂದೂ ನಮ್ಮದಾಗಿರಲಿಲ್ಲ, ಅದು ಕೊಳ್ಳುವವನ ಅಜ್ಞಾನದ ಬೆಲೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ಅವರು ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಗುಣದೋಷ ಮಾರುವವನಿಗೆ ಮಾತ್ರ ತಿಳಿದಿದ್ದರೆ ಕೊಳ್ಳುವವನು ಎಲ್ಲ ಗಾಡಿಗಳನ್ನೂ ಸಂಶಯದ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲಾರದೆ ಪೇಟೆಯಿಂದ ಸರಿಯುತ್ತಾನೆ, ಕೆಟ್ಟದ್ದೇ ಉಳಿಯುತ್ತದೆ ಎಂಬುದು ಅವರ ವಾದ. ಒಬ್ಬನ ಮೌನವು ಊರಿನ ಪ್ರಾಮಾಣಿಕರೆಲ್ಲರ ಗಳಿಕೆಯನ್ನು ಕದಿಯುತ್ತದೆ.

ಈಗ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ನೇರ ಪ್ರಶ್ನೆ. ಮುನಿಸಂಘದ ವಿಹಾರದೊಡನೆ ಸಾಗುವ ವಾಹನ, ವಿದ್ಯಾರ್ಥಿನಿಲಯದ ವಾಹನ ಇವು ಯಾರ ಹೆಸರಿನಲ್ಲಿವೆ? ದಿವಂಗತರಾದ ಅಧ್ಯಕ್ಷರ ಹೆಸರಿನಲ್ಲಿಯೇ ಓಡುತ್ತಿದ್ದರೆ ಯಾರ ಅಪ್ಪಣೆಯಿಂದ? ಮಾಲಿಕನು ತೀರಿಕೊಂಡಾಗ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ. ದಾನವಾಗಿ ಬಂದ ಹಳೆಯ ಗಾಡಿಯ ಚರಿತ್ರೆಯನ್ನು ಪರೀಕ್ಷಿಸದೆ ಹಾರ ಹಾಕಿ ಸ್ವೀಕರಿಸುವುದು ದಾನಿಗೆ ತೋರುವ ಗೌರವವಲ್ಲ. ಟ್ರಸ್ಟುಗಳು ಮೊದಲು ತಮ್ಮ ವಾಹನಗಳ ಕಾಗದಪತ್ರಗಳನ್ನು ನೆಟ್ಟಗೆ ಮಾಡಿಕೊಳ್ಳಲಿ. ಅನಂತರ ಪ್ರತಿ ಕುಟುಂಬವೂ ಗಾಡಿ ಮಾರುವಾಗ ಅದರ ಅಪಘಾತ, ದುರಸ್ತಿ, ನಿಜವಾದ ಕಿಲೋಮೀಟರುಗಳನ್ನು ಒಂದು ಹಾಳೆಯ ಮೇಲೆ ಬರೆದು, ರುಜು ಮಾಡಿ, ಕೀಲಿಕೈಯೊಡನೆ ಕೊಡುವ ಪದ್ಧತಿಯನ್ನು ಬಸದಿಯಲ್ಲಿಯೇ ಸಾರಲಿ. ಇದಕ್ಕೆ ಪೈಸೆಯ ಖರ್ಚಿಲ್ಲ.

ನಮ್ಮ ಸೀಮೆಯ ಐಹೊಳೆಯಲ್ಲಿ ಮೇಗುತಿಯ ಜಿನಾಲಯವಿದೆ. ಅದನ್ನು ಕಟ್ಟಿಸಿದ ರವಿಕೀರ್ತಿಯು ತನ್ನ ಹೆಸರನ್ನು, ತನ್ನ ದೊರೆ ಇಮ್ಮಡಿ ಪುಲಕೇಶಿಯ ಹೆಸರನ್ನು, ಶಕವರ್ಷ 556ನ್ನು ಗೋಡೆಯ ಕಲ್ಲಿನಲ್ಲಿ ಕೊರೆಯಿಸಿದನು. ಹದಿಮೂರು ಶತಮಾನಗಳಿಗೂ ಮಿಗಿಲಾಗಿ ಆ ಕಟ್ಟಡವು ತನ್ನ ಚರಿತ್ರೆಯನ್ನು ಬಂದವರಿಗೆಲ್ಲ ತೆರೆದು ತೋರಿಸುತ್ತ ನಿಂತಿದೆ. ಅದೇ ಊರಿನ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ದಕ್ಷಿಣದೇಶದ ಉದ್ದಗಲಕ್ಕೂ ವ್ಯಾಪಾರ ನಡೆಸಿದರು, ತಾವು ವೀರಬಣಂಜುಧರ್ಮದ ಪಾಲಕರೆಂದು ಶಾಸನಗಳಲ್ಲಿ ಹೇಳಿಕೊಂಡರು. ವ್ಯಾಪಾರಕ್ಕೂ ಒಂದು ಧರ್ಮವಿದೆಯೆಂದು ಕಲ್ಲಿನಲ್ಲಿ ಬರೆಸಿದವರ ನೆಲದಲ್ಲಿ ನಾವು ವಾಸಿಸುತ್ತಿದ್ದೇವೆ. ನಾವು ಬರೆಯಬೇಕಾದದ್ದು ಒಂದು ಹಾಳೆ ಮಾತ್ರ. ಮುಂದೆ ಯಾವ ಶಿಕ್ಷಕನೂ ಪೇಟೆಯಲ್ಲಿ ನಮ್ಮನ್ನು ತಡೆದು, ಬಸ್ತಿಗೆ ಹೋಗುವವರೆಂದು ನಂಬಿ ಕೆಟ್ಟೆನೆಂದು ಹೇಳದಿರಲಿ.