ಕಣ್ಣ ಕೆಳಗಿನ ಕಾಗೆಬಂಗಾರ

ಪುರೋಹಿತ ಕಪ್ಪನ್ನು ಪಾಪ ಅಂದ. ವ್ಯಾಪಾರಿ ಬಂದು ಅದನ್ನೇ ಕಾಯಿಲೆ ಅಂದ. 1975ರಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿ ಫೇರ್ ಅಂಡ್ ಲವ್ಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಕಪ್ಪು ಹುಡುಗಿಗೆ ಕೆಲಸವಿಲ್ಲ, ಗಂಡಿಲ್ಲ ಅಂತ ಜಾಹೀರಾತುಗಳು ದಶಕಗಳ ಕಾಲ ಒದರಿದವು. 2020ರಲ್ಲಿ ಅಮೆರಿಕದ ಕರಿಯರು ಬೀದಿಗಿಳಿದು ಜಗತ್ತೇ ನಡುಗಿದಾಗ ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಅಂಟಿಸಿದರು. ಡಬ್ಬಿಯ ಹೆಸರು ಬದಲಾಯಿತು, ದಂಧೆ ಬದಲಾಗಲಿಲ್ಲ.

ಈಗ ಇವರ ಕಣ್ಣು ನಮ್ಮ ಕಣ್ಣಿನ ಕೆಳಗೇ ಬಿದ್ದಿದೆ. ಅದಕ್ಕೆಂದೇ ಬೇರೆ ಮುಲಾಮು, 'ಐ ಕ್ರೀಮ್'. ಡಬ್ಬಿಯಲ್ಲಿರೋದು ಸಾಮಾನ್ಯವಾಗಿ 15 ಮಿ.ಲೀ., ಅಂದರೆ ಒಂದು ದೊಡ್ಡ ಚಮಚದಷ್ಟು. ದೊಡ್ಡ ಹೆಸರಿನ ಕಂಪನಿಯದಾದರೆ ಸಾವಿರಾರು ರೂಪಾಯಿ. ಅಕ್ಕಿಕಾಳಿನಷ್ಟು ತಗೊಂಡು ಉಂಗುರದ ಬೆರಳಲ್ಲಿ ಮೆಲ್ಲಗೆ ತಟ್ಟಿ, ಕೆಲವು ವಾರ ಬಿಡದೆ ಹಚ್ಚಿ ನೋಡಿ ಅಂತಾರೆ.

ನೋಡೋಣ ಸ್ವಾಮಿ. ಆದರೆ ಹಚ್ಚೋ ಮೊದಲು ಡಬ್ಬಿಯ ಹಿಂದಿನ ಸಣ್ಣಕ್ಷರ ಓದೋಣ. ನಾವು ಅಕ್ಷರ ಕಲಿತದ್ದು ಇಂಥದ್ದಕ್ಕೇ ಅಲ್ಲವೇ? ಯಾವುದು ಹೆಚ್ಚಿದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತೆ. ಬಹಳಷ್ಟು ಡಬ್ಬಿಗಳಲ್ಲಿ ಆ ಮೊದಲ ಹೆಸರು ನೀರು! ಅದರ ಹಿಂದೆ ಗ್ಲಿಸರಿನ್ನು, ಎಣ್ಣೆ, ಮೇಣ. ಇವು ಚರ್ಮವನ್ನು ತೇವವಾಗಿಡುತ್ತವೆ, ಸಣ್ಣ ಗೆರೆಗಳು ತುಂಬಿಕೊಂಡ ಹಾಗೆ ಕಾಣುತ್ತವೆ. ಅದು ಸುಳ್ಳಲ್ಲ. ಅಗ್ಗದ ಕ್ರೀಮೂ ಆ ಕೆಲಸ ಮಾಡುತ್ತೆ, ಅದೂ ಸುಳ್ಳಲ್ಲ. ಕೆಫೀನ್ ಇದ್ದರೆ ರಕ್ತನಾಳ ಕುಗ್ಗಿ ಕಣ್ಣಿನ ಊತ ಕೆಲವು ಗಂಟೆ ಇಳಿದೀತು. ರೆಟಿನಾಲ್ ಇದ್ದರೆ ತಿಂಗಳುಗಟ್ಟಲೆ ಹಚ್ಚಿದ ಮೇಲೆ ಗೆರೆ ತುಸು ಸಣ್ಣದಾದೀತು. ಅಷ್ಟೇ. ಕಾನೂನಿನ ಪ್ರಕಾರ ಇದು ಔಷಧವಲ್ಲ, ಅಂದ ಹೆಚ್ಚಿಸುವ ಸಾಮಾನು. ರೋಗ ಇದೆ ಅಂತ ಹೆದರಿಸುವವರಿಗೆ ರೋಗ ವಾಸಿ ಮಾಡಿ ತೋರಿಸುವ ಜವಾಬ್ದಾರಿ ಇಲ್ಲ.

ಹಾಗಾದರೆ ಹಚ್ಚಿದ ಕೂಡಲೇ ಕಪ್ಪು ತಿಳಿಯಾದಂತೆ ಕಾಣೋದು ಹೇಗೆ? ಹೊಳಪಿನ ಪುಡಿಯಿಂದ. ಅದು ಬೆಳಕನ್ನು ಚದುರಿಸುತ್ತೆ, ಮುಖ ತೊಳೆದರೆ ಹೋಗುತ್ತೆ. ಎಲ್ಲ ಡಬ್ಬಿಯಲ್ಲೂ ಇಲ್ಲ, ಹೊಳೆಯುವ ಹಲವು ಡಬ್ಬಿಗಳಲ್ಲಿದೆ. ಪಟ್ಟಿಯಲ್ಲಿ 'ಮೈಕಾ' ಅಥವಾ 'ಸಿಐ 77019' ಅಂತ ಬರೆದಿರುತ್ತಾರೆ. ಪುಸ್ತಕದಲ್ಲಿ ಅಭ್ರಕ, ನಮ್ಮ ಜನರ ಬಾಯಲ್ಲಿ ಕಾಗೆಬಂಗಾರ.

ಈ ಕಾಗೆಬಂಗಾರ ಸಿಗುವ ಜಾಗಗಳಲ್ಲಿ ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್, ಬಿಹಾರದ ನವಾದಾ ದೊಡ್ಡ ಹೆಸರುಗಳು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಹೊಟ್ಟೆ ಮುಚ್ಚಲಿಲ್ಲವಲ್ಲ! ಭೂಮಿಯಿಲ್ಲದ ದಲಿತರು, ಆದಿವಾಸಿಗಳು, ಹಿಂದುಳಿದವರು ಪಾಳುಬಿದ್ದ ಗುಂಡಿಗಳಿಗೆ ಇಳಿದು ಚೂರು ಹೆಕ್ಕತೊಡಗಿದರು. ಆ ಚೂರಿಗೆ ಅಲ್ಲಿ ಢಿಬ್ರಾ ಅಂತಾರೆ. ಇಕ್ಕಟ್ಟಾದ ಬಿಲಕ್ಕೆ ನುಗ್ಗಲು ಪುಟ್ಟ ಮೈ ಬೇಕು. ಹಾಗಾಗಿ ಮಕ್ಕಳೂ ಇಳಿದರು. 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ನಿನ ವರದಿಗಾರರು ಅಲ್ಲಿಗೆ ಹೋಗಿ ಬಂದು ಬರೆದರು. ಎರಡೇ ತಿಂಗಳಲ್ಲಿ ಏಳು ಮಕ್ಕಳು ಈ ಗುಂಡಿಗಳಲ್ಲಿ ಸತ್ತಿದ್ದರು, ಸಾವುಗಳನ್ನು ಮುಚ್ಚಿಡಲಾಗಿತ್ತು. ಮರುವರ್ಷ ಕಂಪನಿಗಳು ಸೇರಿ 'ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್' ಅಂತ ಕೂಟ ಕಟ್ಟಿಕೊಂಡವು. 2022ರ ಹೊತ್ತಿಗೆ ಮಕ್ಕಳ ದುಡಿಮೆ ಇಲ್ಲವಾಗಿಸ್ತೀವಿ ಅಂದವು. 2022 ಬಂತು, ಹೋಯ್ತು. ಗಡುವು 2030ಕ್ಕೆ ಜಾರಿತು. ಹತ್ತು ವರ್ಷದ ಮಗುವಿಗೆ ಇಂಥ ಗಡುವು ಎಷ್ಟು ಉದ್ದ ಅಂತ ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ.

ಇನ್ನು ಆ ಕಪ್ಪಿನ ಮಾತು. ಕೆಲವರಿಗೆ ಅದು ಹುಟ್ಟಿನಿಂದ ಬಂದ ಬಣ್ಣ, ಅಪ್ಪ ಅಮ್ಮ ಕೊಟ್ಟದ್ದು. ಅದಕ್ಕೆ ನಾಚೋದು ಯಾಕೆ? ಕೆಲವರಿಗೆ ಅದು ನಿದ್ದೆಗೆಟ್ಟದ್ದರ, ರಕ್ತ ಇಲ್ಲದ್ದರ ಗುರುತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನಕ್ಕೆ ರಕ್ತಹೀನತೆ. ಬೆಳಕು ಹರಿಯೋ ಮೊದಲೇ ಪೊರಕೆ ಹಿಡಿಯುವ ಪೌರಕಾರ್ಮಿಕಳಿಗೆ, ಗಾರ್ಮೆಂಟ್ಸಿನಲ್ಲಿ ದಿನವಿಡೀ ಸೂಜಿ ನೋಡುವ ಹೆಣ್ಣುಮಗಳಿಗೆ ಬೇಕಾದ್ದು ಸೊಪ್ಪು, ಕಾಳು, ಮಾಂಸ, ನಿದ್ದೆ, ಸರಿಯಾದ ಕೂಲಿ. ಅದನ್ನು ಯಾವ ಕಂಪನಿ ಡಬ್ಬಿಯಲ್ಲಿ ತುಂಬಿ ಕೊಡುತ್ತೆ?

ಇಷ್ಟು ಹೇಳಿದರೆ ಸರಳತೆಯ ಉಪದೇಶಕರು ತಲೆದೂಗಿ ಬಂದುಬಿಡ್ತಾರೆ: "ಹೌದಪ್ಪಾ, ನಿಮ್ಮ ಹುಡುಗೀರಿಗೆ ಯಾಕೆ ಇಂಥ ಶೋಕಿ?" ಅವರಿಗೂ ಉತ್ತರ ಇದೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ಸಾರುವ ಉಡುಗೆ ತೊಡುಗೆ ಕಿತ್ತೊಗೆದು ಶುಚಿಯಾಗಿ, ಮೈತುಂಬ ಉಡಲು ಹೇಳಿದರು. ನಮಗೆ ಅಲಂಕಾರ ಪುಕ್ಕಟೆ ಸಿಕ್ಕಿದ್ದಲ್ಲ, ಹೋರಾಡಿ ಪಡೆದದ್ದು. ಹಾಸ್ಟೆಲಿನಲ್ಲಿ ಓದಿ ಮೊದಲ ಸಂಬಳ ತಗೊಂಡ ನಮ್ಮ ಕೇರಿಯ ಹುಡುಗಿ ಒಂದು ಡಬ್ಬಿ ಕೊಂಡರೆ ಅವಳ ಮೇಲೆ ಕಲ್ಲೆಸೆಯುವ ಹಕ್ಕು ಯಾರಿಗೂ ಇಲ್ಲ. ಅವಳ ಮುಖದಲ್ಲಿ ಕೊರತೆ ಹುಡುಕಿ ಕೊಟ್ಟು, ಆ ಕೊರತೆಯನ್ನೇ ಅವಳಿಗೆ ಮಾರಿದವರ ಮೇಲೆ ನಮ್ಮ ಸಿಟ್ಟು.

ಗೆಳೆಯರೇ, ಡಬ್ಬಿ ಬಹಿಷ್ಕರಿಸಿ ಮನೆಗೆ ಹೋದರೆ ಸಾಲದು. ಕೆಲವು ಕಂಪನಿಗಳು ಕೃತಕ ಅಭ್ರಕ ಹಿಡಿದು ಕೈ ತೊಳಕೊಂಡಿವೆ. ಅದರಿಂದ ಕೋಡರ್ಮಾದ ತಾಯಿಯ ಒಲೆ ಉರಿಯೋದಿಲ್ಲ. ಢಿಬ್ರಾ ಹೆಕ್ಕುವವರಿಗೆ ಕಾನೂನಿನ ರಕ್ಷಣೆ ಕೊಡಿ, ಚೂರಿಗೆ ನ್ಯಾಯದ ಬೆಲೆ ಕೊಡಿ, ದೊಡ್ಡವರಿಗೆ ಹೊಟ್ಟೆ ತುಂಬುವ ಕೂಲಿ ಕೊಡಿ, ಮಕ್ಕಳನ್ನು ಗುಂಡಿಯಿಂದ ಎತ್ತಿ ಶಾಲೆಗೆ ಕಳಿಸಿ ಅಂತ ಕೇಳಬೇಕು. ಅಭ್ರಕ ಯಾವ ಊರಿನದು, ಅಗೆದವರಿಗೆ ಎಷ್ಟು ಸಿಕ್ಕಿತು ಅಂತ ಪ್ರತಿ ಡಬ್ಬಿಯ ಮೇಲೂ ಬರೆಸಬೇಕು. ಮೇಷ್ಟ್ರೇ, ನಾಳೆ ಪಾಠದಲ್ಲಿ ಖನಿಜಗಳ ಪಟ್ಟಿ ಬಂದಾಗ ಅಭ್ರಕದ ಮುಂದೆ ಬರೀ ರಾಜ್ಯದ ಹೆಸರು ಬರೆಸಿ ಮುಂದಕ್ಕೆ ಹೋಗಬೇಡಿ. ಅದನ್ನು ಅಗೆದು ತೆಗೆಯುವ ಕೈ ಎಷ್ಟು ಪುಟ್ಟದು ಅಂತಲೂ ಹೇಳಿ.